ಆಘಾತದ ನೆನಪು ಮತ್ತು ಅದರ ಉಪಚಾರ

ವ್ಯಾಕರಣಶಾಸ್ತ್ರವು ಕಾಲವನ್ನು ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರಾಗಿ ವಿಭಾಗಿಸಿದೆ. ‘ಮಳೆ ಬಂದಿತು’ ಎಂಬ ವಾಕ್ಯವನ್ನು ಕೇಳಿದೊಡನೆ ಆ ಕ್ರಿಯೆ ಆಗಿಹೋದುದೆಂಬುದು ಪ್ರಾಥಮಿಕ ಶಾಲೆಯ ಬಾಲಕನಿಗೂ ತಿಳಿಯುತ್ತದೆ. ಮನುಷ್ಯನ ನೆನಪಿಗೂ ಸಾಮಾನ್ಯವಾಗಿ ಈ ವಿವೇಕವುಂಟು. ಹಿಂದೆ ಪಟ್ಟ ದುಃಖವನ್ನು ನೆನೆದಾಗ ಕಣ್ಣು ಒದ್ದೆಯಾಗಬಹುದು. ಆದರೂ ಅದು ಹಿಂದಿನದೆಂಬ ಅರಿವು ಅಳಿಯುವುದಿಲ್ಲ. ಈ ಅರಿವೇ ಅಳಿದುಹೋಗುವ ಒಂದು ವ್ಯಾಧಿಯುಂಟು. ಯುದ್ಧ, ಅಗ್ನಿ, ಭೂಕಂಪ, ಅಪಘಾತ, ಅತ್ಯಾಚಾರ ಮೊದಲಾದವುಗಳಲ್ಲಿ ಸಿಲುಕಿ ಬದುಕಿ ಬಂದವರಲ್ಲಿ ಕೆಲವರಿಗೆ ಆ ಘಟನೆ ಭೂತಕಾಲಕ್ಕೆ ಸರಿಯುವುದೇ ಇಲ್ಲ. ಅದು ‘ನಡೆಯಿತು’ ಎಂದಾಗದೆ ‘ನಡೆಯುತ್ತಿದೆ’ ಎಂದೇ ನಿಂತುಬಿಡುತ್ತದೆ. ಆಧುನಿಕ ವೈದ್ಯರು ಪಿ.ಟಿ.ಎಸ್.ಡಿ. ಎಂಬ ಅಕ್ಷರಗಳಿಂದ ನಿರ್ದೇಶಿಸುವ ಈ ವ್ಯಾಧಿಯನ್ನು ಕನ್ನಡದಲ್ಲಿ ಆಘಾತೋತ್ತರ ಮನೋವ್ಯಥೆ ಎನ್ನಬಹುದು.

ಪಾಶ್ಚಾತ್ಯರು ಆಘಾತಕ್ಕೆ ಬಳಸುವ ‘ಟ್ರಾಮಾ’ ಎಂಬ ಶಬ್ದವು ಗ್ರೀಕ್ ಮೂಲದ್ದು. ಅದಕ್ಕೆ ಗಾಯವೆಂದೇ ಅರ್ಥ. ಮೊದಲು ಶಸ್ತ್ರವೈದ್ಯರ ಮಾತಾಗಿದ್ದ ಅದು ಕಾಲಾಂತರದಲ್ಲಿ ಮನಸ್ಸಿನ ಗಾಯಕ್ಕೂ ಸಂದಿತು. ಈ ವ್ಯಾಧಿಯ ಲಕ್ಷಣಗಳು ಹೀಗಿವೆ. ಕೆಟ್ಟ ಘಟನೆಯು ಕನಸಿನಲ್ಲಿಯೂ ಎಚ್ಚರದಲ್ಲಿಯೂ ಕರೆಯದೆ ಮರಳಿ ಬರುವುದು. ಅದನ್ನು ನೆನಪಿಗೆ ತರುವ ಸ್ಥಳ, ಮಾತು, ಮನುಷ್ಯರನ್ನೆಲ್ಲ ರೋಗಿಯು ದೂರವಿಡುವುದು. ತನ್ನನ್ನು ತಾನೇ ಹಳಿದುಕೊಳ್ಳುವುದು, ಮಡದಿ ಮಕ್ಕಳಲ್ಲಿಯೂ ಪರಕೀಯಭಾವ ತಾಳುವುದು. ಅಲ್ಪ ಸದ್ದಿಗೂ ಬೆಚ್ಚಿಬೀಳುವುದು, ನಿದ್ರೆಗೆಡುವುದು, ಕಾರಣವಿಲ್ಲದೆ ಸಿಡುಕುವುದು. ಒಂದು ತಿಂಗಳು ಮೀರಿಯೂ ಇವು ನಿಂತು ಬದುಕನ್ನು ಕೆಡಿಸಿದರೆ ಮಾತ್ರ ವೈದ್ಯರು ಇದನ್ನು ವ್ಯಾಧಿಯೆಂದು ಎಣಿಸುತ್ತಾರೆ. ದಾರುಣ ಘಟನೆಗೆ ಸಿಕ್ಕಿದವರೆಲ್ಲರೂ ರೋಗಿಗಳಾಗುವುದಿಲ್ಲವೆಂಬುದೂ, ಅವರಲ್ಲಿ ಹೆಚ್ಚಿನವರು ಕಾಲಕ್ರಮದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆಂಬುದೂ ಇಲ್ಲಿ ಮರೆಯತಕ್ಕದ್ದಲ್ಲ.

ಹಳಗನ್ನಡ ಕಾವ್ಯವನ್ನು ಓದಿದವರಿಗೆ, ರನ್ನನ ದುರ್ಯೋಧನನು ರಣಭೂಮಿಯ ಹೆಣಗಳ ನಡುವೆ ತಮ್ಮನನ್ನೂ ಮಗನನ್ನೂ ಗೆಳೆಯನನ್ನೂ ಕಂಡು ಹಲುಬುವ ಸಂದರ್ಭ ಇಲ್ಲಿ ಥಟ್ಟನೆ ನೆನಪಾದೀತು. ಯುದ್ಧದ ದುಃಖ ಹೊಸದಲ್ಲ, ನಿಜ. ಆದರೆ ಪ್ರಾಚೀನ ಕಾವ್ಯದ ಪಾತ್ರಕ್ಕೆ ಇಂದಿನ ರೋಗದ ಹೆಸರನ್ನು ಅಂಟಿಸಿ ತೃಪ್ತಿಪಡುವುದು ಪಾಂಡಿತ್ಯವೂ ಅಲ್ಲ, ವೈದ್ಯವೂ ಅಲ್ಲ. ದುಃಖ ಬೇರೆ, ವ್ಯಾಧಿ ಬೇರೆ. ಆ ಭೇದವನ್ನು ಗುರುತಿಸಲು ವೈದ್ಯಶಾಸ್ತ್ರಕ್ಕೇ ಬಹುಕಾಲ ಹಿಡಿಯಿತು. 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಎರಿಕ್ಸನ್ ಎಂಬವನು ರೈಲು ಅಪಘಾತದಿಂದ ಪಾರಾದವರ ನಡುಕ, ನಿದ್ರಾಹೀನತೆಗಳಿಗೆ ಬೆನ್ನುಹುರಿಯ ಪೆಟ್ಟೇ ಕಾರಣವೆಂದು ಬರೆದನು. ಅಮೆರಿಕದ ಅಂತರ್ಯುದ್ಧದ ಸೈನಿಕರನ್ನು ಪರೀಕ್ಷಿಸಿದ ಡಾ ಕೋಸ್ಟಾ ಎಂಬ ವೈದ್ಯನು 1871ರಲ್ಲಿ ದೋಷವನ್ನು ಹೃದಯದ ಮೇಲೆ ಹೊರಿಸಿದನು. ಗಾಯವಿರುವುದು ಮನಸ್ಸಿನಲ್ಲಿ ಎಂದು ಒಪ್ಪಲು ಯಾರಿಗೂ ಮನಸ್ಸಿರಲಿಲ್ಲ.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಲಕ್ಷಾಂತರ ಸೈನಿಕರು ಫ್ರಾನ್ಸಿನ ಕೆಸರು ತುಂಬಿದ ಕಂದಕಗಳಲ್ಲಿ ಅಡಗಿ, ತಿಂಗಳುಗಟ್ಟಲೆ ಫಿರಂಗಿಯ ಷೆಲ್ಲುಗಳ ಸುರಿಮಳೆಯನ್ನು ಸಹಿಸಬೇಕಾಯಿತು. ಓಡುವಂತಿಲ್ಲ, ಎದುರಿಸುವಂತಿಲ್ಲ, ಸುಮ್ಮನೆ ಕುಳಿತಿರಬೇಕು. ಕೆಲವೇ ತಿಂಗಳುಗಳಲ್ಲಿ ಮೈಮೇಲೆ ಗಾಯವಿಲ್ಲದ, ಆದರೆ ಮಾತು ಹೋದ, ಕಣ್ಣು ಕಾಣದ, ಕೈಕಾಲು ನಡುಗುವ ಸೈನಿಕರು ಆಸ್ಪತ್ರೆಗಳನ್ನು ತುಂಬತೊಡಗಿದರು. ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞ ವೈದ್ಯನು ಅಂತಹ ಮೂವರ ವೃತ್ತಾಂತವನ್ನು 1915ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿ ‘ಷೆಲ್ ಷಾಕ್’ ಎಂಬ ಹೆಸರನ್ನು ಬಳಸಿದನು. ಷೆಲ್ಲು ಸಿಡಿದ ಕಂಪನದಿಂದ ಮೆದುಳು ಅಲುಗಿ ಹೀಗಾಗುತ್ತದೆಂಬುದು ಆಗಿನ ಊಹೆ. ಆದರೆ ಷೆಲ್ಲು ಸಿಡಿದ ಜಾಗದ ಹತ್ತಿರವೂ ಇಲ್ಲದವರಲ್ಲಿ ಅವೇ ಲಕ್ಷಣಗಳು ಕಂಡುಬಂದುವು. ಆ ಹೆಸರು ತಪ್ಪು ದಾರಿಗೆಳೆಯುತ್ತದೆಂದು ಮೈಯರ್ಸನಿಗೇ ಮನವರಿಕೆಯಾಯಿತು. 1917ರಲ್ಲಿ ಬ್ರಿಟಿಷ್ ಸೈನ್ಯವು ಆ ಶಬ್ದದ ಬಳಕೆಯನ್ನೇ ನಿಷೇಧಿಸಿತು. ಹೆಸರನ್ನು ನಿಷೇಧಿಸಿದರೆ ರೋಗ ಹೋಗುವುದೆಂಬ ನಂಬಿಕೆ ಸೈನ್ಯಾಧಿಕಾರಿಗಳಿಗೆ ಮಾತ್ರ ಇದ್ದುದೆಂದು ತಿಳಿಯಬೇಕಾಗಿಲ್ಲ.

ಹೆಸರಿಲ್ಲದ ರೋಗಕ್ಕೆ ಹೇಡಿತನವೆಂಬ ಹೆಸರು ಸುಲಭವಾಗಿ ಅಂಟಿತು. ಹ್ಯಾರಿ ಫಾರ್ ಎಂಬ ಸಾಮಾನ್ಯ ಸಿಪಾಯಿಯ ಕಥೆ ಇದಕ್ಕೆ ಸಾಕ್ಷಿ. ಅವನು 1915ರಲ್ಲಿ ಷೆಲ್ ಷಾಕಿಗಾಗಿ ಐದು ತಿಂಗಳು ಆಸ್ಪತ್ರೆಯಲ್ಲಿದ್ದವನು. ಕೈ ನಡುಗುತ್ತಿದ್ದುದರಿಂದ ಮಡದಿಗೆ ಬರೆಯುವ ಕಾಗದವನ್ನು ದಾದಿಯಿಂದ ಬರೆಸಬೇಕಾಗಿತ್ತು. ಅವನನ್ನು ಮತ್ತೆ ರಣರಂಗಕ್ಕೆ ಕಳುಹಿಸಲಾಯಿತು. 1916ರ ಸೆಪ್ಟೆಂಬರಿನಲ್ಲಿ, ತನ್ನಿಂದ ಸಾಧ್ಯವಿಲ್ಲವೆಂದು ಅವನು ಮುಂದಕ್ಕೆ ಹೋಗಲು ನಿರಾಕರಿಸಿದನು. ಸೈನಿಕ ನ್ಯಾಯಾಲಯದಲ್ಲಿ ಅವನ ಪರವಾಗಿ ವಾದಿಸುವವರು ಯಾರೂ ಇರಲಿಲ್ಲ. ಅಕ್ಟೋಬರಿನ ಒಂದು ಬೆಳಗ್ಗೆ ಅವನದೇ ಸೈನ್ಯದವರು ಅವನನ್ನು ಗುಂಡಿಕ್ಕಿ ಕೊಂದರು. ಅವನಿಗಾಗ 25 ವರ್ಷ. ಆ ಯುದ್ಧದಲ್ಲಿ ಹೀಗೆ ಪಲಾಯನ, ಹೇಡಿತನ ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೈನ್ಯವು ಕೊಂದ ತನ್ನವರೇ ಆದ 306 ಮಂದಿಗೆ 2006ರಲ್ಲಿ, ಎಂದರೆ ತೊಂಬತ್ತು ವರ್ಷಗಳ ಬಳಿಕ, ಬ್ರಿಟಿಷ್ ಪಾರ್ಲಿಮೆಂಟು ಶಾಸನದ ಮೂಲಕ ಕ್ಷಮೆ ನೀಡಿತು. ಆ 306 ಮಂದಿಯೂ ಮನೋರೋಗಿಗಳಾಗಿದ್ದರೆಂದು ಹೇಳಬರುವುದಿಲ್ಲ. ಆದರೆ ಅವರಲ್ಲಿ ಯಾರು ರೋಗಿ, ಯಾರು ಅಲ್ಲ ಎಂದು ತಿಳಿಯುವ ಪ್ರಯತ್ನ ಅಂದು ತಕ್ಕಷ್ಟು ನಡೆಯಲಿಲ್ಲ.

ಚಿಕಿತ್ಸೆಯಲ್ಲಿಯೂ ಎರಡು ದಾರಿಗಳಿದ್ದುವು. ಲಂಡನ್ನಿನಲ್ಲಿ ಯೆಲ್ಯಾಂಡ್ ಎಂಬ ವೈದ್ಯನು ಮಾತು ಹೋದ ಸಿಪಾಯಿಗಳ ಗಂಟಲಿಗೆ ವಿದ್ಯುತ್ತನ್ನು ಹರಿಸಿ, ಮಾತು ಬರುವ ತನಕ ಕೋಣೆಯಿಂದ ಬಿಡುವುದಿಲ್ಲವೆಂದು ಹೇಳಿ ಮಾತನಾಡಿಸುತ್ತಿದ್ದನು. ಮಾತು ಬರುತ್ತಿತ್ತು, ಮಾತಿನ ಹಿಂದಿನ ನೋವು ಏನಾಯಿತೆಂದು ಕೇಳುವವರಿರಲಿಲ್ಲ. ಇನ್ನೊಂದು ದಾರಿ ಡಾಕ್ಟರ್ ವಿಲಿಯಂ ರಿವರ್ಸ್ ಅವರದು.

1864ರಲ್ಲಿ ಜನಿಸಿದ ರಿವರ್ಸರ ಹೆಸರು ಕನ್ನಡ ನಾಡಿನ ನೆರೆಯಲ್ಲೇ ಇರುವ ನೀಲಗಿರಿಗೆ ಮೊದಲೇ ಪರಿಚಿತವಾಗಿತ್ತು. 1901–02ರಲ್ಲಿ ಅವರು ಅಲ್ಲಿ ತಂಗಿ ತೋಡ ಜನಾಂಗದ ಆಚಾರ ವಿಚಾರಗಳನ್ನು ಅಭ್ಯಾಸಮಾಡಿ, 1906ರಲ್ಲಿ ‘ದಿ ತೋಡಾಸ್’ ಎಂಬ ಬೃಹದ್ಗ್ರಂಥವನ್ನು ಪ್ರಕಟಿಸಿದರು. ತೋಡರ ನೆರೆಹೊರೆಯವರು ಬಡಗರು. ಬಡಗಣಿಂದ, ಎಂದರೆ ಮೈಸೂರು ಸೀಮೆಯ ಕಡೆಯಿಂದ, ಬಂದವರೆಂಬುದನ್ನು ಅವರ ಹೆಸರೇ ಸಾರುತ್ತದೆ. ಅವರ ನುಡಿಯೂ ಕನ್ನಡಕ್ಕೆ ಅತಿ ಸಮೀಪದ್ದು. ರಿವರ್ಸರು ತೋಡರ ವಂಶಾವಳಿಗಳನ್ನು ಒಂದೊಂದಾಗಿ ಬರೆದುಕೊಂಡು, ಅದರ ಮೂಲಕ ಜನಾಂಗದ ಜೀವನವನ್ನು ಅರಿಯುವ ಕ್ರಮವನ್ನು ಅನುಸರಿಸಿದರು. ಸತ್ತ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳಲು ತೋಡರು ಹಿಂಜರಿಯುವರು. ಆ ಸಂಕೋಚವನ್ನು ಮುರಿಯದೆ, ತಾಳ್ಮೆಯಿಂದ ಕಾದು, ವಿಷಯವನ್ನು ತಿಳಿದುಕೊಳ್ಳುವ ವಿದ್ಯೆ ರಿವರ್ಸರಿಗೆ ಬೇಕಾಯಿತು. ಸ್ವತಃ ತೊದಲುವ ಮನುಷ್ಯರಾದ ಅವರಿಗೆ, ಮಾತು ಹೊರಬರಲು ಸಮಯ ಬೇಕೆಂಬುದನ್ನು ಬೇರೆಯವರು ಕಲಿಸಬೇಕಾಗಿರಲಿಲ್ಲ.

1916ರಲ್ಲಿ ರಿವರ್ಸರು ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದರು. ಮೊದಲು ಅದು ಧನಿಕರ ಜಲಚಿಕಿತ್ಸಾಲಯವಾಗಿತ್ತು. ಯುದ್ಧಕಾಲದಲ್ಲಿ ಮನಸ್ಸು ಮುರಿದ ಸೈನ್ಯಾಧಿಕಾರಿಗಳ ಆಸ್ಪತ್ರೆಯಾಯಿತು. ಸಾಮಾನ್ಯ ಸಿಪಾಯಿಗೆ ವಿದ್ಯುತ್ತು, ಅಧಿಕಾರಿಗೆ ಸಂಭಾಷಣೆ ಎಂಬ ತಾರತಮ್ಯ ಇಲ್ಲಿ ಎದ್ದು ಕಾಣುತ್ತದೆ. ಅಲ್ಲಿಗೆ ಬಂದ ರೋಗಿಗಳಿಗೆಲ್ಲ ಅದುವರೆಗೆ ವೈದ್ಯರೂ ಬಂಧುಗಳೂ ಕೊಟ್ಟಿದ್ದ ಬುದ್ಧಿವಾದ ಒಂದೇ: ‘ಮರೆತುಬಿಡು, ಒಳ್ಳೆಯದನ್ನು ಯೋಚಿಸು.’ ಹಗಲೆಲ್ಲ ಅವರು ಹಾಗೆಯೇ ಪ್ರಯತ್ನಪಟ್ಟು, ಯುದ್ಧದ ನೆನಪನ್ನು ಅದುಮಿಡುತ್ತಿದ್ದರು. ರಾತ್ರಿ ನಿದ್ರೆಯಲ್ಲಿ ಅದುಮಿದ ಕೈ ಸಡಿಲುತ್ತಲೇ ಅದೆಲ್ಲ ಇಮ್ಮಡಿಯಾಗಿ ಮೇಲೇಳುತ್ತಿತ್ತು. ಮರೆಯುವ ಈ ಪ್ರಯತ್ನವೇ ರೋಗವನ್ನು ಪೋಷಿಸುತ್ತಿದೆಯೆಂಬುದು ರಿವರ್ಸರ ಸಿದ್ಧಾಂತ. 1917ರ ಕೊನೆಯಲ್ಲಿ ಅವರು ಇದನ್ನು ವೈದ್ಯರ ಸಭೆಯಲ್ಲಿ ಪ್ರಬಂಧವಾಗಿ ಓದಿದರು. ಮರುವರ್ಷ ಅದು ಪ್ರಕಟವಾಯಿತು.

ಆ ಪ್ರಬಂಧದಲ್ಲಿ ಬರುವ ಒಬ್ಬ ಅಧಿಕಾರಿಯ ವೃತ್ತಾಂತವು ಮನನೀಯವಾದುದು. ಅವನು ಕಾಣೆಯಾದ ಗೆಳೆಯನನ್ನು ಹುಡುಕುತ್ತ ಹೋಗಿ, ಷೆಲ್ಲಿನಿಂದ ರುಂಡ ಕೈಕಾಲುಗಳು ಬೇರ್ಪಟ್ಟ ದೇಹವನ್ನು ಕಂಡವನು. ಅಂದಿನಿಂದ ಗೆಳೆಯನು ಪ್ರತಿ ರಾತ್ರಿಯೂ ಕನಸಿನಲ್ಲಿ ಬರತೊಡಗಿದನು. ಛಿದ್ರವಾದ ಆ ರೂಪದಲ್ಲಿ ಸಮೀಪಿಸಿದಂತೆ ಬೆದರಿ, ಬೆವತು, ಅಧಿಕಾರಿಯು ಎಚ್ಚರಗೊಳ್ಳುತ್ತಿದ್ದನು. ನಿದ್ರೆಯೆಂದರೆ ಭಯ, ಹಗಲೆಲ್ಲ ರಾತ್ರಿಯ ಚಿಂತೆ. ರಿವರ್ಸರು ಅವನಿಗೆ ಮರೆಯಲು ಹೇಳಲಿಲ್ಲ. ಆ ದೃಶ್ಯವನ್ನೇ ಅವನೊಡನೆ ಮತ್ತೆ ನೋಡಿದರು. ದೇಹವು ಅಷ್ಟು ಛಿದ್ರವಾಗಿದ್ದಿತೆಂದ ಮೇಲೆ ಗೆಳೆಯನು ಆ ಕ್ಷಣದಲ್ಲಿಯೇ ಸತ್ತಿರಬೇಕು. ಗಾಯಗೊಂಡು ಗಂಟೆಗಟ್ಟಲೆ ನರಳುವ ಯಾತನೆ ಅವನಿಗೆ ತಪ್ಪಿತು ಎಂಬುದನ್ನು ತೋರಿಸಿಕೊಟ್ಟರು. ಅಧಿಕಾರಿಯ ಮುಖ ಬೆಳಗಿತು. ಕೆಲವು ರಾತ್ರಿ ಕನಸೇ ಬರಲಿಲ್ಲ. ಬಳಿಕ ಒಂದು ರಾತ್ರಿ ಬಂದಿತು. ಈ ಸಲ ಅವನು ಗೆಳೆಯನ ಬಳಿ ಮೊಣಕಾಲೂರಿ, ಮನೆಯವರಿಗೆ ತಲುಪಿಸಲೆಂದು ಅವನ ಬೆಲೆಬಾಳುವ ವಸ್ತುಗಳನ್ನು ತೆಗೆದಿರಿಸುತ್ತಿದ್ದನು. ನಿಜವಾಗಿಯೂ ಅಂದು ಅವನು ಮಾಡಿದ್ದ ಕಾರ್ಯವದು. ಸೊಂಟಪಟ್ಟಿಯನ್ನು ಬಿಚ್ಚುತ್ತಿರುವಾಗ ಎಚ್ಚರವಾಯಿತು. ಭಯವಿರಲಿಲ್ಲ; ಮೆಲ್ಲನೆ ಅಳುತ್ತಿದ್ದನು. ಅದು ಗೆಳೆಯನನ್ನು ಕಳೆದುಕೊಂಡವನ ಅಳು. ವ್ಯಾಧಿಯು ದುಃಖವಾಗಿ ಮಾರ್ಪಟ್ಟಿತ್ತು. ನೆನಪು ಅಳಿಯಲಿಲ್ಲ, ಅದು ಭೂತಕಾಲಕ್ಕೆ ಸೇರಿತು.

ಇಷ್ಟರಿಂದ ಮಾತೇ ಸರ್ವರೋಗಕ್ಕೂ ಮದ್ದು ಎಂದುಕೊಂಡರೆ ರಿವರ್ಸರಿಗೆ ಅಪಚಾರ ಮಾಡಿದಂತೆ. ಅದೇ ಪ್ರಬಂಧದಲ್ಲಿ ಅವರು ತಮ್ಮ ಸೋಲನ್ನೂ ಮುಚ್ಚಿಡದೆ ಬರೆದಿದ್ದಾರೆ. ಇನ್ನೊಬ್ಬ ಅಧಿಕಾರಿಯು ಷೆಲ್ಲಿನ ಸ್ಫೋಟಕ್ಕೆ ಎಸೆಯಲ್ಪಟ್ಟು, ಕೊಳೆತ ಶತ್ರುಶವವೊಂದರ ಉದರದ ಮೇಲೆ ಮುಖವಡಿಯಾಗಿ ಬಿದ್ದನು. ಪ್ರಜ್ಞೆ ತಪ್ಪುವ ಮುನ್ನ ತನ್ನ ಬಾಯೊಳಗೆ ತುಂಬಿದುದೇನೆಂಬುದು ಅವನಿಗೆ ತಿಳಿಯಿತು. ಆ ರುಚಿ, ಆ ವಾಸನೆ ಅವನನ್ನು ಬಿಡಲಿಲ್ಲ. ಆ ನೆನಪಿನಲ್ಲಿ ಹಿಡಿದು ನಿಲ್ಲಲು ಯೋಗ್ಯವಾದ, ಸಾಂತ್ವನಕ್ಕೆ ಎಡೆಯಾಗುವ ಒಂದು ಅಂಶವೂ ರಿವರ್ಸರಿಗೆ ಕಾಣಲಿಲ್ಲ. ಹಳ್ಳಿಗಾಡಿನ ಪ್ರಶಾಂತತೆಯಲ್ಲಿ ಅವನಿಗೆ ಮೊದಲೊಮ್ಮೆ ಕೊಂಚ ನೆಮ್ಮದಿ ಸಿಕ್ಕಿತ್ತು. ಸೈನ್ಯವನ್ನು ಬಿಟ್ಟು ಅಲ್ಲಿಗೇ ಹೋಗುವುದು ಲೇಸೆಂದು ತೀರ್ಮಾನವಾಯಿತು. ತನ್ನ ಕ್ರಮವು ಎಲ್ಲಿ ಸಲ್ಲದೆಂಬುದನ್ನು ಹೇಳುವ ವೈದ್ಯನ ಮಾತಿಗೆ ಹೆಚ್ಚು ಬೆಲೆ.

ಇನ್ನೊಂದು ಸಂಕಟವೂ ಇತ್ತು. ಗುಣವಾದವರು ಹೋಗಬೇಕಾದುದೆಲ್ಲಿಗೆ? ಅದೇ ಕಂದಕಗಳಿಗೆ. 1917ರ ಬೇಸಗೆಯಲ್ಲಿ ಕ್ರೇಗ್‌ಲಾಕ್‌ಹಾರ್ಟಿನಲ್ಲಿ ಇಬ್ಬರು ಕವಿಗಳಿದ್ದರು. ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ ಸೀಗ್‌ಫ್ರೀಡ್ ಸಸೂನ್ ರಿವರ್ಸರ ಆರೈಕೆಯಲ್ಲಿದ್ದನು. ವಿಲ್ಫ್ರೆಡ್ ಓವೆನ್ನನನ್ನು ನೋಡಿಕೊಂಡವರು ಡಾಕ್ಟರ್ ಬ್ರಾಕ್. ರೋಗಿಯನ್ನು ಉಪಯುಕ್ತ ಕೆಲಸದಲ್ಲಿ ತೊಡಗಿಸಿ ಲೋಕದೊಡನೆ ಮತ್ತೆ ಬೆಸೆಯುವುದು ಅವರ ಮಾರ್ಗ. ಆಸ್ಪತ್ರೆಯ ಪತ್ರಿಕೆಯ ಸಂಪಾದಕತ್ವವು ಓವೆನ್ನನ ಪಾಲಿಗೆ ಬಂದಿತು. ಇಬ್ಬರೂ ಚೇತರಿಸಿಕೊಂಡರು, ಇಬ್ಬರೂ ಯುದ್ಧಕ್ಕೆ ಮರಳಿದರು. ಸಸೂನ್ ತಲೆಗೆ ಗಾಯಗೊಂಡು ಬದುಕಿ ಉಳಿದನು. ಓವೆನ್ 1918ರ ನವೆಂಬರ್ 4ರಂದು ಮಡಿದನು. ಯುದ್ಧವು ನಿಂತುದು ಅದಾದ ಒಂದು ವಾರಕ್ಕೆ. ರಿವರ್ಸರು 1922ರಲ್ಲಿ ತೀರಿಕೊಂಡರು.

ಯುದ್ಧ ಮುಗಿದೊಡನೆ ಈ ಪಾಠವನ್ನು ಲೋಕವು ಬಹುಮಟ್ಟಿಗೆ ಮರೆಯಿತು. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಮತ್ತೆ ಕಲಿಯಬೇಕಾಯಿತು. ವಿಯೆಟ್ನಾಮಿನಿಂದ ಹಿಂದಿರುಗಿದ ಅಮೆರಿಕನ್ ಯೋಧರು ತಾವೇ ಗುಂಪುಗೂಡಿ ತಮ್ಮ ವ್ಯಥೆಯನ್ನು ಹೇಳಿಕೊಂಡು, ಅದಕ್ಕೆ ಮನ್ನಣೆ ಬೇಕೆಂದು ಹಟಹಿಡಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಈಗಿನ ಹೆಸರನ್ನು ತನ್ನ ರೋಗಸೂಚಿಯಲ್ಲಿ ಸೇರಿಸಿತು. ಕಾರಣವು ರೋಗಿಯ ದೌರ್ಬಲ್ಯದಲ್ಲಿಲ್ಲ, ಹೊರಗೆ ನಡೆದ ಘಟನೆಯಲ್ಲಿದೆ ಎಂಬ ಅಂಗೀಕಾರವು ಆ ಹೆಸರಿನಲ್ಲಿಯೇ ಅಡಗಿದೆ.

ಇಂದಿನ ಚಿಕಿತ್ಸೆಗಳಲ್ಲಿ ಮುಖ್ಯವಾದವು ರಿವರ್ಸರ ದಾರಿಯಲ್ಲಿಯೇ ಮುಂದೆ ಸಾಗಿವೆ. ಎಡ್ನಾ ಫೋವಾ ಎಂಬ ವಿದುಷಿ ರೂಪಿಸಿದ ಕ್ರಮದಲ್ಲಿ ರೋಗಿಯು ಸುರಕ್ಷಿತವಾದ ಕೋಣೆಯಲ್ಲಿ, ತರಬೇತಿ ಪಡೆದ ಚಿಕಿತ್ಸಕರ ಎದುರಿನಲ್ಲಿ, ಕಣ್ಣುಮುಚ್ಚಿ ತನ್ನ ಘಟನೆಯನ್ನು ಮೊದಲಿಂದ ಕಡೆಯವರೆಗೆ ಬಾಯಿಬಿಟ್ಟು ಹೇಳುತ್ತಾನೆ. ಒಮ್ಮೆಯಲ್ಲ, ಹಲವು ಸಲ. ಸಾಮಾನ್ಯವಾಗಿ 8ರಿಂದ 15 ಭೇಟಿಗಳು ಬೇಕಾಗುತ್ತವೆ. ಇಲ್ಲೊಂದು ಸ್ವಾರಸ್ಯವುಂಟು: ಅವನು ವರ್ತಮಾನಕಾಲದಲ್ಲಿಯೇ ಹೇಳಬೇಕು. ‘ಬಸ್ಸು ಉರುಳಿತು’ ಎಂದಲ್ಲ, ‘ಬಸ್ಸು ಉರುಳುತ್ತಿದೆ’ ಎಂದು. ಹೀಗೆ ವರ್ತಮಾನದಲ್ಲಿ ಹೇಳಿ ಹೇಳಿಯೇ ಘಟನೆಯು ಭೂತವಾಗುತ್ತದೆ. ಪೆಟ್ರಿಷಿಯಾ ರೆಸಿಕ್ ಅವರ ಕ್ರಮದಲ್ಲಿ, ‘ತಪ್ಪೆಲ್ಲ ನನ್ನದೇ’, ‘ಇನ್ನು ಯಾರನ್ನೂ ನಂಬಲಾಗದು’ ಎಂಬಂತಹ, ಆಘಾತದಿಂದ ಹುಟ್ಟಿದ ನಿರ್ಣಯಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಗೆಳೆಯನ ಸಾವಿನ ಅರ್ಥವನ್ನು ರಿವರ್ಸರು ತಿದ್ದಿದುದನ್ನು ಇದು ನೆನಪಿಗೆ ತರುತ್ತದೆ. ಫ್ರಾನ್ಸಿನ್ ಷಪೀರೋ 1989ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ರೋಗಿಯು ಕೆಟ್ಟ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ, ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತಾನೆ. ಪ್ರಯೋಜನವಾಗುವುದೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ; ಪ್ರಯೋಜನವು ಕಣ್ಣಿನ ಚಲನೆಯಿಂದಲೇ ಎಂಬುದರಲ್ಲಿ ವಿವಾದವಿದೆ. ಸರ್ಟ್ರಲಿನ್, ಪರಾಕ್ಸೆಟಿನ್ ಎಂಬ ಖಿನ್ನತೆಯ ಔಷಧಿಗಳು ಕೆಲವರಿಗೆ ನೆರವಾಗುತ್ತವೆ. ನಿದ್ರೆಯ ಗುಳಿಗೆಗಳನ್ನು ದೀರ್ಘಕಾಲ ಸೇವಿಸುವುದು, ಮದ್ಯದಲ್ಲಿ ಮರೆಯ ಹೊರಡುವುದು ಎರಡೂ ಹಾನಿಕರ.

ಇಷ್ಟಾದರೂ ಒಂದು ಎಚ್ಚರಿಕೆ ಅಗತ್ಯ. ದುರಂತ ನಡೆದ ಮರುದಿನವೇ ಬದುಕಿದವರನ್ನೆಲ್ಲ ಕೂಡಿಸಿ, ಬಲವಂತವಾಗಿ ಎಲ್ಲವನ್ನೂ ಹೇಳಿಸುವ ಪದ್ಧತಿಯೊಂದು ಕೆಲಕಾಲ ಬಳಕೆಯಲ್ಲಿತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ರೋಗವು ತಡೆಯಲ್ಪಡಲಿಲ್ಲ; ಕೆಲವರಿಗೆ ಕೇಡೂ ಆಯಿತು. ಮೊದಲ ದಿನಗಳಲ್ಲಿ ಬೇಕಾದುದು ಊಟ, ನೆಲೆ, ಬಂಧುಗಳ ಸಮಾಗಮ, ಸುಳ್ಳಿಲ್ಲದ ಸಮಾಚಾರ ಮತ್ತು ಹೇಳಬೇಕೆನಿಸಿದರೆ ಕೇಳುವ ಒಂದು ಕಿವಿ.

ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದುದು ಮಕ್ಕಳ ವಿಷಯ. 1976ರ ಜುಲೈಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲ್ಲ ಎಂಬ ಸಣ್ಣ ಊರಿನಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಮೂವರು ಅಪಹರಿಸಿ, ಮಕ್ಕಳನ್ನೂ ಚಾಲಕನನ್ನೂ ನೆಲದಡಿ ಹೂತಿಟ್ಟ ಲಾರಿಯ ಪೆಟ್ಟಿಗೆಯೊಂದರಲ್ಲಿ ಕೂಡಿಹಾಕಿದರು. ಅವರು ತಾವೇ ಮಣ್ಣನ್ನು ಸರಿಸಿಕೊಂಡು ಹೊರಬಂದರು, ಯಾರಿಗೂ ಪ್ರಾಣಹಾನಿಯಾಗಲಿಲ್ಲ. ಮಕ್ಕಳು ಬೇಗ ಮರೆಯುತ್ತಾರೆಂದು ಊರು ಸಮಾಧಾನಪಟ್ಟಿತು. ಲಿನೋರ್ ಟೆರ್ ಎಂಬ ಮಕ್ಕಳ ಮನೋವೈದ್ಯೆ ಅವರನ್ನು ನಾಲ್ಕು ವರ್ಷಗಳ ತರುವಾಯವೂ ಕಂಡು ಪರೀಕ್ಷಿಸಿದಾಗ, ಆಘಾತದ ಗುರುತು ಉಳಿಯದ ಮಗುವೇ ಇರಲಿಲ್ಲ. ಅದು ಅವರ ಆಟದಲ್ಲಿಯೂ ಕಾಣುತ್ತಿತ್ತು. ಒಂದೇ ಆಟವನ್ನು ನಗುವಿಲ್ಲದೆ ಮತ್ತೆ ಮತ್ತೆ ಆಡುತ್ತಿದ್ದರು. ತಾವು ಬೆಳೆದು ದೊಡ್ಡವರಾಗುವೆವೆಂಬ ಭರವಸೆಯೇ ಹಲವರಲ್ಲಿ ಇರಲಿಲ್ಲ. ಪಾಠದಲ್ಲಿ ಲಕ್ಷ್ಯವಿಲ್ಲದ, ಪಟಾಕಿಯ ಸದ್ದಿಗೆ ಮೇಜಿನಡಿ ಅಡಗುವ, ಇದ್ದಕ್ಕಿದ್ದಂತೆ ಸಹಪಾಠಿಗಳ ಮೇಲೆ ಕೈಮಾಡುವ ಬಾಲಕನನ್ನು ‘ದಂಡಪಿಂಡ’ವೆಂದು ಬೆತ್ತ ತೋರಿಸುವ ಮುನ್ನ, ಕಳೆದ ಕೆಲವು ತಿಂಗಳಲ್ಲಿ ಅವನ ಮನೆಯಲ್ಲಿ ಏನಾಯಿತೆಂದು ವಿಚಾರಿಸುವುದು ಕರ್ತವ್ಯ. ಅವನಿಗೆ ತರಗತಿಯಲ್ಲಿ ನಿಂತು ಕಥೆ ಹೇಳೆಂದು ಒತ್ತಾಯಿಸಬಾರದು. ನಿತ್ಯದ ಗಂಟೆ, ನಿತ್ಯದ ಪಾಠ, ನಿತ್ಯದ ಆಟ ಅದೇ ಹೊತ್ತಿಗೆ ನಡೆಯುತ್ತಿದ್ದರೆ ಅದೇ ಅವನಿಗೆ ಆಧಾರ. ತಿಂಗಳಾದರೂ ಸುಧಾರಿಸದಿದ್ದರೆ ತಂದೆತಾಯಿಗಳನ್ನು ಕರೆಸಿ, ವೈದ್ಯರ ಕಡೆಗೆ ಕಳುಹಿಸಬೇಕು.

ಮನೋವೈದ್ಯರು ಎಲ್ಲೆಡೆಯೂ ದೊರೆಯುವುದಿಲ್ಲವೆಂಬುದು ನಿಜ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದ ದುರಂತದ ಬಳಿಕ ಇದೇ ಸಮಸ್ಯೆ ಎದುರಾಯಿತು. ಶ್ವಾಸಕೋಶ, ಕಣ್ಣುಗಳ ರೋಗಿಗಳ ನಡುವೆ ಮನಸ್ಸು ಕದಡಿದವರೂ ಅಸಂಖ್ಯವಾಗಿದ್ದರು. ನೋಡಲು ತಜ್ಞರು ಬೆರಳೆಣಿಕೆಯಷ್ಟು. ಆಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅಲ್ಲಿಗೆ ಹೋಗಿ, ಸಾಮಾನ್ಯ ಚಿಕಿತ್ಸಾಲಯದ ವೈದ್ಯರಿಗೇ ಮನೋವ್ಯಥೆಯನ್ನು ಗುರುತಿಸಿ ಉಪಚರಿಸುವ ತರಬೇತಿ ನೀಡಿದರು. ಅವರಿಗಾಗಿ ಕೈಪಿಡಿಯೂ ಸಿದ್ಧವಾಯಿತು. 1993ರ ಲಾತೂರು ಭೂಕಂಪ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ತರುವಾಯ ಈ ಕ್ರಮವು ಇನ್ನೂ ವಿಸ್ತಾರವಾಗಿ, ಊರಿನವರೇ ಆದ ಕಾರ್ಯಕರ್ತರಿಗೂ ಅಧ್ಯಾಪಕರಿಗೂ ಶಿಕ್ಷಣ ದೊರೆಯಿತು. 2022ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೂ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರಸ್ಥಾನ. ಅದರ ದೂರವಾಣಿ ಸಂಖ್ಯೆ 14416. ಹಗಲಿರುಳೂ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು.